ಗಾರೆಯ ಮುಖಕ್ಕೆ ಕಿವಿ ಮೂಡಿದ್ದು

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ‘ಹ್ಯಾಂಗದೀರಿ?’ ಎಂದು ಕೇಳಿದರೆ ‘ಆರಾಮ ಅದೀನಿ’ ಎಂಬ ಉತ್ತರ ಬರುವುದಿಲ್ಲ. ‘ಇನ್ನೂ ಮುಗದಿಲ್ರಿ’ ಎನ್ನುತ್ತಾರೆ. ಹೊಸದಾಗಿ ಸುಣ್ಣ ತುಂಬಲು ಬಂದ ಲಾರಿಯವರು ಯಾವುದೋ ಕೆಲಸ ಮುಗಿದಿಲ್ಲವೇನೋ ಅಂದುಕೊಂಡು ಬೀಡಿ ಹಚ್ಚಿ ಕಾಯುತ್ತಾ ಕೂರುತ್ತಾರೆ. ಮುಗಿಯಬೇಕಾದದ್ದು ಕೆಲಸವಲ್ಲ, ಬಾಳು. ಉಸಿರಿರುವತನಕ ನಮ್ಮಲ್ಲಿ ಯಾರೂ ತಾನು ಸುಖವಾಗಿದ್ದೇನೆ ಎನ್ನಬಾರದು, ಇನ್ನೊಬ್ಬರನ್ನೂ ಹಾಗೆ ಅನ್ನಬಾರದು. ಮದುವೆಯ ದಿನ ಮದುಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುವಾಗಲೂ ‘ನೋಡೂಣು’ ಎಂದಷ್ಟೇ ಹರಸುತ್ತೇವೆ.

ಈ ಕಟ್ಟಳೆ ಹಾಕಿದವನು ಊರ ಬಾಗಿಲಲ್ಲಿ ಕಲ್ಲಾಗಿ ಕೂತಿದ್ದಾನೆ. ಕಡಲಾಚೆಯಿಂದ ಬಂದ ಯವನನಂತೆ. ಗುಂಗುರು ಗಡ್ಡ, ಮೈಮೇಲೆ ಒಂದೇ ದುಪ್ಪಟಿ, ಬರಿಗಾಲು. ಅವನ ದೇಶದಲ್ಲಿ ಜನ ಸಂತೆಕಟ್ಟೆಯ ಮೇಲೆ ಕೂತು, ಚೆನ್ನಾಗಿ ಬಾಳುವುದೆಂದರೇನು, ಒಳ್ಳೆಯತನವೊಂದಿದ್ದರೆ ಸಾಕೋ ಅದೃಷ್ಟವೂ ಬೇಕೋ ಎಂದು ಹಗಲೆಲ್ಲ ವಾದ ಮಾಡುತ್ತಿದ್ದರಂತೆ. ಹೊಟ್ಟೆ ತುಂಬಿದವರ ಮಾತು ಎಂದು ನೀವು ನಗಬಹುದು. ನಮ್ಮ ಹಿರಿಯರು ನಗಲಿಲ್ಲ, ಅವನ ಸುತ್ತ ಕೂತು ಕೇಳಿದರು. ಒಬ್ಬರ ಬಾಳು ಚೆನ್ನಾಗಿತ್ತು ಎನ್ನಬೇಕಾದರೆ ಕೊನೆಯತನಕ ಕಾಯಬೇಕು, ಸತ್ತ ಮೇಲೂ ಅವರ ಮಕ್ಕಳ ಗತಿ ಏನಾಗುತ್ತದೆಂದು ನೋಡಬೇಕು ಎಂದನಂತೆ. ಮುಂದೆ ‘ಆದರೆ’ ಎಂದು ಬಾಯಿ ತೆರೆಯುವಷ್ಟರಲ್ಲಿ ಭಟ್ಟಿ ಬೆಂದಿತೆಂದು ಯಾರೋ ಕೂಗಿದರು. ಸುಣ್ಣ ಸುಡುವವರಿಗೆ ಅದಕ್ಕಿಂತ ದೊಡ್ಡ ಕೂಗಿಲ್ಲ. ಎಲ್ಲರೂ ಎದ್ದು ಓಡಿದರು. ತಿರುಗಿ ಬಂದಾಗ ಅವನು ಹೊರಟುಹೋಗಿದ್ದ. ಕಲ್ಲಿನಲ್ಲಿ ಕೆತ್ತಿದವರು ಪ್ರಾಮಾಣಿಕರು, ಅವನ ಬಾಯನ್ನು ಅರ್ಧ ತೆರೆದೇ ಬಿಟ್ಟಿದ್ದಾರೆ.

ನಮ್ಮಲ್ಲಿ ಯಾರಾದರೂ ಸತ್ತರೆ ಜೇಡಿಮಣ್ಣಿನಲ್ಲಿ ಅವರ ಮುಖದ ಅಚ್ಚು ತೆಗೆಯುತ್ತೇವೆ. ಅದಕ್ಕೆ ಗಾರೆ ತುಂಬಿ, ಒಣಗಿಸಿ, ಪಡಸಾಲೆಯ ಗೋಡೆಯಲ್ಲಿ ಕೂರಿಸುತ್ತೇವೆ. ಮುಂಭಾಗದ ಅಚ್ಚಾದ್ದರಿಂದ ಮುಖಕ್ಕೆ ಕಿವಿ ಬರುವುದಿಲ್ಲ, ಆದರೂ ಪಡಸಾಲೆಯಲ್ಲಿ ಆಡಿದ್ದು ಅದಕ್ಕೆ ಹೇಗೋ ಮುಟ್ಟುತ್ತದೆ. ಕಣ್ಣು ಮುಚ್ಚಿರುತ್ತದೆ. ಮುಚ್ಚಿಯೇ ಇದ್ದರೆ ಚೆನ್ನಾಗಿ ಬಾಳಿದರು ಎಂದು ಲೆಕ್ಕ. ಮಗನೊಬ್ಬ ಕುಡುಕನಾದ, ಮಗಳು ವಿಧವೆಯಾದಳು, ಮನೆಗೆ ಬೆಂಕಿ ಬಿತ್ತು ಎಂದರೆ ಕೆಲವು ಮುಖಗಳ ರೆಪ್ಪೆ ಬಿರಿಯುತ್ತದೆ, ಕಣ್ಣು ತೆರೆಯುತ್ತದೆ. ತೆರೆದ ಕಣ್ಣನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಕೂಡಲೇ ಊರಿನ ಮುಖಗಳ ಉಸ್ತುವಾರಿಯ ದುಂಡಪ್ಪಜ್ಜನಿಗೆ ಹೇಳಿಕಳಿಸಬೇಕು. ಅವನು ಬಂದು ಉಳಿಯಿಂದ ಮುಖವನ್ನು ಗೋಡೆಯಿಂದ ಬಿಡಿಸಿ, ಬಟ್ಟೆಯಲ್ಲಿ ಸುತ್ತಿ, ಊರಾಚೆ ಸುಣ್ಣ ಅರಳಿಸುವ ಹಳೆಯ ಹೊಂಡಕ್ಕೆ ಹಾಕುತ್ತಾನೆ. ಆಮೇಲೆ ಆ ಹೆಸರನ್ನು ಯಾರೂ ಎತ್ತುವುದಿಲ್ಲ.

ಇದಕ್ಕೆಲ್ಲ ಜನ ಹೇಗೆ ಹೊಂದಿಕೊಂಡಿದ್ದಾರೆ ಎಂದು ಕೇಳಿದರೆ, ಬಿಸಿಲಿಗೆ ಹೊಂದಿಕೊಂಡ ಹಾಗೇ. ಗಂಡ ಹೆಂಡಿರ ಜಗಳ ಹಿತ್ತಲಲ್ಲಿ. ಪರೀಕ್ಷೆಯಲ್ಲಿ ನಪಾಸಾದ ಸುದ್ದಿ ದನದ ಕೊಟ್ಟಿಗೆಯಲ್ಲಿ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಗೋಡೆ ನೋಡುತ್ತಾರೆ. ಮಳೆಗಾಲದಲ್ಲಿ ಗಾರೆ ಬೆವರಿದರೆ ಇಡೀ ಮನೆಯ ಎದೆ ಧಸಕ್ಕೆನ್ನುತ್ತದೆ, ಸೊಸೆಯಂದಿರು ಸೆರಗಿನಿಂದ ಮುಖ ಒರೆಸಿ ‘ಬರೇ ಥಂಡಿ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ಕಾಟವಿಲ್ಲ. ನಾನು ಅಂಬೆಗಾಲಿಡುವಾಗ ಅಪ್ಪ ಭಟ್ಟಿಯಿಂದ ಬಿದ್ದು ಕಾಲು ಕಳೆದುಕೊಂಡ. ಅವತ್ತು ಸಂಜೆ ಗೋಡೆಯಲ್ಲಿದ್ದ ಅವ್ವನ ಕಣ್ಣು ತೆರೆದವಂತೆ. ನಮ್ಮ ಗೋಡೆಯಲ್ಲಿ ಈಗ ಇರುವುದು ಒಂದು ಗುಳಿ. ಅಪ್ಪ ಇದ್ದಷ್ಟು ದಿನ ಅದರಲ್ಲಿ ಬೆಂಕಿಪೊಟ್ಟಣ ಇಡುತ್ತಿದ್ದ, ಅವ್ವನ ಬಗ್ಗೆ ಏನಾದರೂ ಹೇಳಬೇಕಾದಾಗ ‘ಆಕಿ’ ಎನ್ನುತ್ತಿದ್ದ.

ಊರಿನಲ್ಲೆಲ್ಲ ಹೆಸರುವಾಸಿಯಾದ ಮುಖವೆಂದರೆ ತಂಗೆವ್ವನದು. ಅವಳು ಬದುಕಿದ್ದಾಗ ನಾನು ಅವಳ ಮನೆಯಲ್ಲೇ ಉಂಡು ಬೆಳೆದವನು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಾನೇ ಭಟ್ಟಿಗೆ ಕಲ್ಲು ಹೊತ್ತವಳು. ಯಾರ ಕೈ ಸುಟ್ಟರೂ ಕೊಬ್ಬರಿ ಎಣ್ಣೆ ಹಿಡಿದು ಓಡುತ್ತಿದ್ದಳು, ಎಣ್ಣೆ ಹಚ್ಚುವಾಗ ‘ಕಣ್ಣು ಹೊಟ್ಟಿಗೆ ಹೋಗ್ಯಾವೇನ?’ ಎಂದು ಬೈಯುತ್ತಲೂ ಇದ್ದಳು. ನಡುವಿನ ಕೂಸೊಂದು ಜ್ವರ ಬಂದು ತೀರಿಕೊಂಡಾಗ ಅವಳು ಅತ್ತದ್ದನ್ನು ಊರು ಇನ್ನೂ ಮರೆತಿಲ್ಲ. ಹಿತ್ತಲಿಗೆ ಹೋಗಲಿಲ್ಲ, ಸೆರಗು ಕಚ್ಚಲಿಲ್ಲ. ನಡುಬೀದಿಯಲ್ಲಿ ಕೂತು, ಪಾತ್ರೆಯ ತಳ ಉಜ್ಜಿದ ಹಾಗೆ, ಪೂರ್ತಿ ಅತ್ತಳು. ಆಮೇಲೆ ಎದ್ದು ಮುಖ ತೊಳೆದು ಒಲೆ ಹಚ್ಚಿದಳು. ಅಂಥವಳ ಮುಖವನ್ನು ಗೋಡೆಗೆ ಕೂರಿಸಿದಾಗ ದುಂಡಪ್ಪಜ್ಜ ಬಹಳ ಹೊತ್ತು ನೋಡಲೂ ಇಲ್ಲ. ‘ಬಾಳಿದಳು’ ಎಂದು ಹೇಳಿ ಚಹಾ ಕುಡಿದು ಹೋದ.

ಅವಳಿಗೆ ಉಳಿದವರು ಇಬ್ಬರು. ಮಗಳು ಇಂದ್ರವ್ವ, ಮದುವೆ ಒಲ್ಲೆನೆಂದು ಮನೆಯಲ್ಲೇ ಉಳಿದು ಅವ್ವನ ಭಟ್ಟಿ ನಡೆಸುವವಳು. ಮಗ ಅಡಿವೆಪ್ಪ, ನನ್ನ ಓರಗೆಯವನು, ಸುಣ್ಣದ ಲಾರಿಯ ಜೊತೆ ಕಡಲ ಕಡೆ ಹೋಗಿಬರುವವನು. ಒಂದು ಸಲ ಹೋದವನು ಬರಲಿಲ್ಲ. ಬಂದದ್ದು ಲಾರಿಯ ಡ್ರೈವರ್. ಘಾಟಿಯಲ್ಲಿ ಅಕಾಲದ ಮಳೆ ಸುರಿದು ಲಾರಿಯಲ್ಲಿದ್ದ ಅರಳಿಸದ ಸುಣ್ಣ ನೀರು ಕುಡಿದು ಕುದಿಯಿತು. ಅದರ ಮೇಲೆ ತಾಡಪತ್ರಿ ಹೊದ್ದು ಮಲಗಿದ್ದ ಅಡಿವೆಪ್ಪ ಏಳಲಿಲ್ಲ. ಅಲ್ಲೇ ಮಣ್ಣು ಮಾಡಿ ಬಂದಿದ್ದರು. ಅಚ್ಚು ತೆಗೆಯಲು ಮುಖವೂ ಉಳಿದಿರಲಿಲ್ಲವಂತೆ.

ಡ್ರೈವರನನ್ನು ಇಂದ್ರವ್ವನ ಮನೆಯ ಹತ್ತಿರ ಸುಳಿಯಲೂ ಬಿಡದೆ ದುಂಡಪ್ಪಜ್ಜನ ಹಿತ್ತಲಿಗೆ ಕರೆದುಕೊಂಡು ಹೋದರು. ಇಂದ್ರವ್ವನನ್ನು ಅಲ್ಲಿಗೇ ಕರೆಸಿದರು. ಸುದ್ದಿ ಕೇಳಿ ಅವಳು ಬಾಯಿ ತೆರೆದದ್ದೇ ತಡ, ಹೆಂಗಸರು ಸೆರಗು ತುರುಕಿದರು.

‘ಇಂದ್ರಾ, ತಡಿ. ನಿಮ್ಮವ್ವನ ನೆನಪ ಮಾಡ್ಕೋ,’ ಎಂದ ದುಂಡಪ್ಪಜ್ಜ. ‘ಇದ್ದೊಬ್ಬ ಮಗ ಹಿಂಗ ಹ್ವಾದ ಅಂತ ತಿಳದ್ರ ಆಕಿ ಕಣ್ಣ ತೆರೀದಂಗ ಇರ್ತಾಳೇನು? ಆಮ್ಯಾಲ ನಾನ ಬಂದು ಕಿತ್ತಬೇಕು. ಅಂಥಾಕಿನ್ನ ನನ್ನ ಕೈಲೆ ಹೊಂಡಕ್ಕ ಹಾಕಸಬ್ಯಾಡ.’

‘ಹಂಗಾರ ನನ್ನ ತಮ್ಮಗ ಅಳೂದು ಯಾವಾಗ, ಅಜ್ಜಾ?’

ಹೆಂಗಸರು ಅವಳ ಕೈಗೆ ಅರಿಶಿನದ ಬಟ್ಟಲು ಕೊಟ್ಟರು. ಅವಳು ಕಣ್ಣೊರೆಸಿಕೊಂಡು, ಅರಿಶಿನ ಹಚ್ಚಿಕೊಂಡು ಮನೆಗೆ ಹೋದಳು. ಪಡಸಾಲೆಯಲ್ಲಿ ನಿಂತು, ಅಡಿವೆಪ್ಪನ ಲಾರಿ ಬಂತಂತ ಯವ್ವಾ, ಇನ್ನೇನ ಬರ್ತಾನ, ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳಿದಳು. ಅವತ್ತಿನಿಂದ ಆ ಮನೆಗೆ ನಾನು ಬದಲಿಯಾದೆ.

ಬದಲಿ ಎನ್ನುವುದು ನಮ್ಮೂರಿನಲ್ಲಿ ಗೊತ್ತಿರುವ ಕೆಲಸವೇ. ಓಡಿಹೋದ ಮಗನ ಬದಲು, ಜೈಲಿಗೆ ಹೋದ ಅಳಿಯನ ಬದಲು ಯಾರಾದರೊಬ್ಬರು ಬಂದು ಪಡಸಾಲೆಯಲ್ಲಿ ಓಡಾಡಿ ಉಂಡು ಹೋಗುತ್ತಾರೆ. ಒಬ್ಬಳು ಬದಲಿ ಸೊಸೆ ಪಾಪ, ಮುದುಕಿಯಾಗುವತನಕ ಒಂದು ಮನೆಗೆ ಬಳೆ ಸದ್ದು ಮಾಡಲು ಹೋಗುತ್ತಿದ್ದಳು. ನನ್ನನ್ನು ಆರಿಸಿದ್ದು ಕೆಮ್ಮಿಗಾಗಿ. ಸುಣ್ಣದ ಧೂಳು ಕುಡಿದ ನನ್ನ ಕೆಮ್ಮು ಅಡಿವೆಪ್ಪನ ಕೆಮ್ಮನ್ನೇ ಹೋಲುತ್ತಿತ್ತು. ಕರಾರು ಇಷ್ಟೇ: ಅವನ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬರಬೇಕು, ಕೆಮ್ಮಬೇಕು, ಅವನು ಕೂರುತ್ತಿದ್ದ ಕಂಬದ ಬುಡದಲ್ಲಿ ಕೂತು ಉಣ್ಣಬೇಕು, ಹೋಗಬೇಕು. ಮಾತಾಡುವಂತಿಲ್ಲ. ಕೆಮ್ಮು ಯಾರದಾದರೂ ಒಂದೇ, ದನಿ ಹಾಗಲ್ಲ.

ನಾನು ಅದನ್ನು ಚೆನ್ನಾಗಿಯೇ ಮಾಡಿದೆ ಅನ್ನಬೇಕು. ಇಂದ್ರವ್ವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ, ‘ಉಣ್ಣೋ ಅಡಿವೆಪ್ಪಾ, ಸೊರಗಿ ಹೋಗೀಯಲ್ಲ’ ಎಂದು ಗೋಡೆಗೆ ಕೇಳುವಂತೆ ಹೇಳಿ, ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು. ನಗುತ್ತಿದ್ದಳು ಕೂಡ. ಆದರೆ ಅವಳ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡು ಕೂತಿತ್ತು. ಭಟ್ಟಿಯಲ್ಲಿ ಕೂಲಿಯವರನ್ನು ಕರೆಯುವಾಗಲೂ ದನಿ ಒಡೆದು ಬರುತ್ತಿತ್ತು. ಬೇಸಗೆ ಬರುವಷ್ಟರಲ್ಲಿ ಅವಳು ತೊಲೆಯ ಹಾಗೆ ಒಣಗಿದ್ದಳು. ಬೀದಿಯಲ್ಲಿ ಯಾರಾದರೂ ಹ್ಯಾಂಗದೀಯಬೇ ಎಂದರೆ ‘ಇನ್ನೂ ಮುಗದಿಲ್ಲ’ ಎನ್ನುತ್ತಿದ್ದಳು, ಬೇಗ ಮುಗಿದರೆ ಸಾಕು ಎನ್ನುವ ಹಾಗೆ.

ಒಂದು ದಿನ ಉಣ್ಣುತ್ತಾ ತಲೆ ಎತ್ತಿದೆ. ತಂಗೆವ್ವನ ಮುಖದ ಎರಡೂ ಪಕ್ಕ ಗೋಡೆ ಸ್ವಲ್ಪ ಉಬ್ಬಿದ ಹಾಗಿತ್ತು. ಚೌಳು ಹಿಡಿದಿರಬೇಕು ಅಂದುಕೊಂಡೆ. ಮುಂದಿನ ಸಲ ಆ ಉಬ್ಬಿಗೆ ಅಂಚು ಬಂದಿತ್ತು. ಅದರ ಮುಂದಿನ ಸಲ ಅಂಚು ಒಳಗೆ ಸುರುಳಿ ಸುತ್ತಿತ್ತು, ಕೆಳಗೆ ಮೆತ್ತನೆಯ ಹಾಲೆ ಇಳಿದಿತ್ತು, ಹಾಲೆಯಲ್ಲಿ ಓಲೆ ಹಾಕುವ ತೂತೂ ಇತ್ತು. ಗಾರೆಯ ಮುಖಕ್ಕೆ ಕಿವಿ ಮೂಡುತ್ತಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿ ಜಾರಿತು. ರೊಟ್ಟಿ ತಟ್ಟೆಗೆ ಬಿದ್ದ ಸದ್ದಿಗೆ ಆ ಮುಖ, ಕಣ್ಣು ಮುಚ್ಚಿಕೊಂಡೇ, ಕೂದಲೆಳೆಯಷ್ಟು ನನ್ನ ಕಡೆ ಓರೆಯಾಯಿತು. ಕೆನ್ನೆಯಿಂದ ಸ್ವಲ್ಪ ಬಿಳಿ ಪುಡಿ ಉದುರಿತು.

ಇಂದ್ರವ್ವನನ್ನು ಕೈಹಿಡಿದು ಹಿತ್ತಲಿಗೆ ಎಳೆದೊಯ್ದು ಹೇಳಿದೆ. ಅವಳು ಮೊದಲೇ ಕಂಡಿದ್ದಳು.

‘ಮುಂಜಾನೆ ಎದ್ದ ಕೂಡ್ಲೆ ನೋಡ್ತೀನಿ. ದಿನಾ ಈಟೀಟ ಬೆಳ್ಯಾಕತ್ತಾವು,’ ಎಂದಳು. ‘ಆಕಿ ಕೇಳಾಕತ್ತಾಳ, ಪರಪ್ಪಾ. ಮಗ ಬರ್ತಾನ, ಉಣ್ತಾನ, ಹೊಕ್ಕಾನ. ಒಮ್ಮಿಯೂ ಯವ್ವಾ ಅನ್ನಂಗಿಲ್ಲ. ಯಾಕ ಅನ್ನಂಗಿಲ್ಲ ಅಂತ ಕಿವಿ ಕೊಟ್ಟ ಕೇಳಾಕತ್ತಾಳ.’

ದುಂಡಪ್ಪಜ್ಜ ಬಂದು ನೋಡಿ ಬೆವರಿದ. ಇಷ್ಟು ವರ್ಷ ಮುಖ ನೋಡುತ್ತಾ ಬಂದವನು, ಇಂಥದ್ದನ್ನು ಕಂಡವನಲ್ಲ. ಕಂಡದ್ದೆಲ್ಲಕ್ಕೂ ಒಂದು ಉಪಾಯ ಹೇಳಲೇಬೇಕಾದವರ ಕಷ್ಟ ದೊಡ್ಡದು. ಹಿತ್ತಲಿಗೆ ಬಂದು, ‘ಕಣ್ಣಂತೂ ತೆರದಿಲ್ಲ. ಕಿವಿಯಾಗ ಒಂದೊಂದ ಉಂಡಿ ಗಾರಿ ಮೆತ್ತಿ ಬಿಡು. ಕೇಳದಿದ್ರ ಆತಲ್ಲ’ ಎಂದ.

ಮರುದಿನ ನಾನು ಊಟಕ್ಕೆ ಹೋದಾಗ ಸುಡುಸುಡು ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಪಡಸಾಲೆಯಲ್ಲಿ ಇಂದ್ರವ್ವ ಸ್ಟೂಲಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಹಸಿ ಗಾರೆಯ ಬೋಗುಣಿ, ಇನ್ನೊಂದರಲ್ಲಿ ಕರಣಿ. ನಾನು ರೂಢಿಯಂತೆ ಕೆಮ್ಮಿ, ಕಂಬದ ಬುಡದಲ್ಲಿ ಕೂತೆ. ಅವಳು ಕರಣಿಯ ತುದಿಯಲ್ಲಿ ಗಾರೆ ತೆಗೆದುಕೊಂಡು ಎಡಗಿವಿಯ ಹತ್ತಿರ ತಂದಳು. ಕಿವಿಯನ್ನು ಹಿಡಿದುಕೊಳ್ಳಲು ಬೆರಳು ಮುಟ್ಟಿಸಿದವಳು ಹಾಗೇ ನಿಂತುಬಿಟ್ಟಳು.

‘ಬೆಚ್ಚಗ ಅದ,’ ಎಂದಳು.

ಪಡಸಾಲೆಯಲ್ಲಿ ಅವಳು ನನ್ನನ್ನು ಅಡಿವೆಪ್ಪನೆನ್ನದೆ ಪರಪ್ಪನೆಂದೇ ಮಾತಾಡಿಸಿದ್ದು ಅದೇ ಮೊದಲು. ನಾನು ಬಾಯಿಗೆ ಬೆರಳಿಟ್ಟು ಬೇಡ ಎಂದು ಸನ್ನೆ ಮಾಡಿದೆ. ಅವಳು ಕರಣಿ ಕೆಳಗೆ ಎಸೆದಳು. ಸ್ಟೂಲಿನಿಂದ ಇಳಿಯದೆ, ಅವ್ವನ ಮುಖದ ಎದುರಿಗೇ ಮುಖವಿಟ್ಟು ಹೇಳಿದಳು.

‘ಯವ್ವಾ, ಅಡಿವೆಪ್ಪ ಇಲ್ಲಬೇ. ಅಂವ ಹೋಗಿ ಭಾಳ ದಿನ ಆತು. ಘಾಟಿನ್ಯಾಗ ಸುಣ್ಣದಾಗ ಸುಟ್ಟ ಹ್ವಾದ. ಇಲ್ಲಿ ಕೂತ ಉಣ್ಣಾಂವ ಪರಪ್ಪ. ನಾ ನಿನಗ ಸುಳ್ಳ ಹೇಳೀನಿ. ನೀ ಕಣ್ಣ ತೆರಿ, ಬಿಡು, ನನ್ನ ಕೈಲೆ ಆಗೂದಿಲ್ಲ. ನನಗ ಅಳಬೇಕಾಗೇತಿ.’

ಹೇಳಿ ಮುಗಿಸುವ ಮೊದಲೇ ಅಳು ಬಂತು. ಅಷ್ಟು ದಿನ ಗಂಟಲಿನಲ್ಲಿ ಕೂತಿದ್ದದ್ದು ಒಮ್ಮೆಗೇ ಕಿತ್ತು ಬಂತು. ನಮ್ಮೂರ ಯಾವ ಪಡಸಾಲೆಯಲ್ಲೂ ಅಂಥ ಸದ್ದು ಆಗಿರಲಿಲ್ಲ. ಆಚೆಮನೆಯ ಬಾಗಿಲು ತೆರೆದದ್ದು ಕೇಳಿತು. ನಾನು ಎದ್ದು ನಿಂತೆ. ದುಂಡಪ್ಪಜ್ಜನನ್ನು ಕರೆಯಲು ಓಡಬೇಕಾದವನು ನಾನೇ, ಬದಲಿಯವನ ಮೊದಲ ಕರ್ತವ್ಯವೇ ಅದು.

‘ಚಿಲಕಾ ಹಾಕು,’ ಎಂದಳು ಇಂದ್ರವ್ವ, ಅಳುವಿನ ನಡುವೆಯೇ.

ಯಾಕೋ ಗೊತ್ತಿಲ್ಲ, ಹಾಕಿಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ರೆಪ್ಪೆಗಳ ಮೇಲೆ ಸಣ್ಣ ಬಿರುಕು ಓಡಿತ್ತು. ಕಣ್ಣು ತೆರೆಯಿತು. ಅದರೊಳಗೆ ಗುಡ್ಡೆ ಇರಲಿಲ್ಲ, ನೀರಿತ್ತು. ಸುಣ್ಣದ ಮೇಲೆ ನಿಂತ ತಿಳಿನೀರಿನಂಥ ನೀರು, ತುಂಬಿ ತುಳುಕಿ ಬಿಳಿ ಕೆನ್ನೆಯ ಮೇಲೆ ಹರಿಯಿತು. ಬಾಯಿ ತೆರೆಯಲಿಲ್ಲ. ಆದರೆ ಗೋಡೆಯೊಳಗಿನಿಂದ, ತೊಲೆಯಿಂದ, ನಾನು ಒರಗಿದ್ದ ಕಂಬದಿಂದ ಒಂದು ನರಳಿಕೆ ಬಂತು. ಇಂದ್ರವ್ವ ಹೆದರಲಿಲ್ಲ. ಆ ಎರಡು ಕೆನ್ನೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಸುಣ್ಣದ ನೀರು ಅವಳ ಕೈ ಸುಡುತ್ತಿತ್ತು, ಬೊಕ್ಕೆ ಏಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವಳು ಕೈ ತೆಗೆಯಲಿಲ್ಲ. ಅವ್ವ ಮಗಳು ಇಬ್ಬರೂ ಅತ್ತರು.

ಹೊರಗೆ ಜನ ಸೇರಿದರು. ದುಂಡಪ್ಪಜ್ಜ ಕೋಲಿನಿಂದ ಬಾಗಿಲು ಬಡಿದ. ‘ಪರಪ್ಪಾ, ತೆರೀಯೋ. ತೆರದ ಕಣ್ಣ ಮನಿಯಾಗ ಇಟ್ಕೋಬಾರದು. ಉಳಿ ತಂದೀನಿ.’ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಕಾಲಲ್ಲಿ ಅಡಿವೆಪ್ಪನ ಚಪ್ಪಲಿಯೇ ಇತ್ತು. ನಾನೂ ಅತ್ತೆ, ನಾಚಿಕೆಯೇನಿಲ್ಲ. ನನ್ನ ಜೊತೆ ಗೋಲಿಯಾಡಿದವನು ಅವನು, ಅವನ ಪಾಲಿನ ಅನ್ನವನ್ನು ಇಷ್ಟು ದಿನ ನಾನು ಉಂಡಿದ್ದೆ.

ಬಿಸಿಲು ಕಿಟಕಿಯಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ ಸರಿಯಿತು. ಇಂದ್ರವ್ವನ ಅಳು ಮೊದಲು ಸಣ್ಣದಾಯಿತು, ಆಮೇಲೆ ಬಿಕ್ಕಾಯಿತು, ಆಮೇಲೆ ಬರೀ ಉಸಿರಾಯಿತು. ಗೋಡೆಯ ನರಳಿಕೆಯೂ ಹಾಗೇ ಇಳಿಯಿತು. ಆಗ ನಾನು ನೋಡುತ್ತಿದ್ದಂತೆಯೇ ತಂಗೆವ್ವನ ರೆಪ್ಪೆಗಳು, ಭಟ್ಟಿಯಿಂದ ಬಂದು ಕೈಕಾಲು ತೊಳೆದು ಮಲಗಿದವಳ ರೆಪ್ಪೆಗಳಂತೆ, ನಿಧಾನವಾಗಿ ಕೂಡಿಕೊಂಡವು. ಬಿರುಕೂ ಉಳಿಯಲಿಲ್ಲ. ಕಿವಿಗಳು ಹಾಗೇ ಇದ್ದವು.

ಇಂದ್ರವ್ವ ಇಳಿದು ಬಂದು ತಾನೇ ಚಿಲಕ ತೆಗೆದಳು. ಉಳಿ ಹಿಡಿದು ನುಗ್ಗಿದ ದುಂಡಪ್ಪಜ್ಜ ಗೋಡೆಯ ಮುಂದೆ ನಿಂತುಬಿಟ್ಟ. ಕೆನ್ನೆಯ ಮೇಲೆ ನೀರು ಹರಿದ ಗೆರೆ ಇನ್ನೂ ಹಸಿಯಿತ್ತು. ಅದನ್ನು ಮುಟ್ಟಿ, ಬೆರಳು ಉರಿದಾಗ ಹಿಂದೆ ತೆಗೆದ.

‘ತೆರದಿದ್ದು ಖರೇ?’

‘ಖರೇ, ಅಜ್ಜಾ,’ ಎಂದೆ ನಾನು. ‘ತೆರದ್ಲು, ಅತ್ಲು, ಮುಚ್ಚಿದ್ಲು.’

‘ತೆರದ ಕಣ್ಣ ಮುಚ್ಚೂದಿಲ್ಲ,’ ಎಂದ ಅಜ್ಜ. ‘ನಾ ಒಂದರೆ ಮುಚ್ಚಿದ್ದ ಕಂಡಿಲ್ಲ.’

ಇಂದ್ರವ್ವ ಸುಟ್ಟ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತದೆ, ಬೈಯುವ ದನಿಯೂ ಇಲ್ಲದೆ ಕೇಳಿದಳು: ‘ಒಂದನ್ನರೆ ಕಾದ ನೋಡೀರೇನ?’

ಪಡಸಾಲೆಯಲ್ಲೂ ಬಾಗಿಲಲ್ಲೂ ಜನ ತುಂಬಿದ್ದರು. ದುಂಡಪ್ಪಜ್ಜ ಉಳಿಯನ್ನು ನೋಡಿಕೊಂಡ. ಅವನ ಹೆಂಡತಿಯ ಮುಖವನ್ನೂ ಅವನೇ ಕಿತ್ತಿದ್ದ, ಮಗ ಬಾವಿಗೆ ಬಿದ್ದ ದಿನ. ಅದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

‘ಎಷ್ಟ ಹೊತ್ತ ಬೇಕಾತಬೇ?’ ಎಂದು ಕೇಳಿದ. ದನಿ ಕೂಸಿನದಾಗಿತ್ತು.

‘ನಾ ಅತ್ತ ಮುಗಸೂ ತನಕ, ಅಜ್ಜಾ. ಅಷ್ಟ.’

ಅಜ್ಜ ಕೋಲನ್ನೂ ಅಲ್ಲೇ ಬಿಟ್ಟು ಹೊರಗೆ ಹೊರಟ. ಯಾರು ಯಾರನ್ನೂ ಕರೆಯಲಿಲ್ಲ, ಆದರೂ ನಾವೆಲ್ಲ ಅವನ ಹಿಂದೆ ನಡೆದೆವು. ಊರ ಬಾಗಿಲಲ್ಲಿ ಆ ಯವನ ಅರ್ಧ ಬಾಯಿ ತೆರೆದು ಕೂತಿದ್ದ. ಹಳೆಯ ಹೊಂಡದ ನೀರು ಹಾಲು ಚೆಲ್ಲಿದಂತೆ ಬೆಳ್ಳಗೆ ಮಲಗಿತ್ತು. ಅಜ್ಜ ಅಂಚಿನಲ್ಲಿ ಕುಕ್ಕರಿಸಿದ. ‘ಸಾತೂ,’ ಎಂದು ಕೂಗಿದ. ‘ಸಾತವ್ವಾ.’ ಆ ಹೆಸರನ್ನು ನನ್ನ ವಯಸ್ಸಿನವರು ಯಾರೂ ಕೇಳಿರಲಿಲ್ಲ. ನೀರು ಒಂದು ಕಡೆ ಗುಳುಗುಳು ಎಂದಿತು. ಸುಣ್ಣದ ಹೊಂಡ ಒಮ್ಮೊಮ್ಮೆ ಹಾಗೆ ಮಾಡುತ್ತದೆ.

ಆಮೇಲೆ ಒಬ್ಬೊಬ್ಬರೇ ಅಂಚಿಗೆ ಬಂದರು. ಕೆಲವರು ಕೂಡಲೇ ಕೂಗಿದರು. ಕೆಲವರು ಹೆಸರು ನೆನಪಾಗದೆ ಒಬ್ಬರ ಮುಖ ಒಬ್ಬರು ನೋಡಿ, ನೆನಪಿದ್ದವರ ಕಿವಿಯಲ್ಲಿ ಕೇಳಿ, ಆಮೇಲೆ ಕೂಗಿದರು. ನಾನೂ ಹೋಗಿ ನಿಂತೆ. ನನಗೆ ಅವ್ವನ ಹೆಸರು ಹೇಳಿಕೊಡಬಲ್ಲ ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ಸುತ್ತ ಇದ್ದವರಲ್ಲಿ ಯಾರಿಗೂ, ಅವಳ ಮುಖ ಕಿತ್ತ ಅಜ್ಜನಿಗೂ, ಆ ಹೆಸರು ನೆನಪಿಗೆ ಬರಲಿಲ್ಲ. ಬಗ್ಗಿ, ನೀರಿಗೆ ಬಾಯಿ ಹತ್ತಿರ ಮಾಡಿ, ‘ಯವ್ವಾ’ ಎಂದಷ್ಟೇ ಕೂಗಿದೆ.